ಉಸಿರಿನ ಕ್ರಯ

ಉಪ್ಪಾರಪೇಟೆಯ ಬೀದಿಗಳಲ್ಲಿ ದನಿಯೂ ಒಂದು ಬಂಡವಾಳ. ಹಿಂದೆ ಧರ್ಮಾಂಬುಧಿ ಕೆರೆಯಿದ್ದ ಎಡೆಯಲ್ಲಿ ಈಗ ಬಸ್ಸು ನಿಲ್ದಾಣವಿದೆ. ಅದರ ಸುತ್ತ ಕೂಗಿ ಮಾರುವವನಿಗೆ ಗಂಟಲೇ ಅಂಗಡಿ. ಅಂತಹ ಒಬ್ಬನೊಡನೆ ವೈದ್ಯನು, “ನಿನ್ನ ಉಸಿರು ಉಳಿಯಬೇಕಾದರೆ ದನಿಯಲ್ಲಿ ಒಂದು ಪಾಲನ್ನು ಬಿಡಬೇಕು” ಎಂದರೆ, ಆ ಕ್ರಯವನ್ನು ಒಪ್ಪುವ ಅಧಿಕಾರ ಯಾರದು?

ಪ್ರಶ್ನೆ ಕಲ್ಪಿತವಲ್ಲ. ‘ಗಂಟಲು ಕಟ್ಟಿತು’, ‘ಉಸಿರು ಕಟ್ಟಿತು’ ಎಂದು ಎರಡಕ್ಕೂ ಒಂದೇ ಕ್ರಿಯಾಪದವನ್ನು ನಾವು ಬಳಸುತ್ತೇವಷ್ಟೆ. ಕಟ್ಟುವ ಎಡೆಯೂ ಅನೇಕ ವೇಳೆ ಒಂದೇ. ಧ್ವನಿಪೆಟ್ಟಿಗೆಯು ಮೊದಲು ಕಾವಲುಗಾರ, ಆಮೇಲೆ ಮಾತುಗಾರ: ಅನ್ನನೀರು ಶ್ವಾಸಮಾರ್ಗಕ್ಕೆ ಇಳಿಯದಂತೆ ತಡೆಯುವುದೇ ಅದರ ಪುರಾತನ ಕಾರ್ಯ. ಅದರೊಳಗಿನ ಎರಡು ಸ್ವರತಂತುಗಳು ಉಸಿರೆಳೆಯುವಾಗ ಅಗಲುತ್ತವೆ, ನುಡಿಯುವಾಗ ಕೂಡುತ್ತವೆ. ಇವುಗಳನ್ನಾಳುವ ನರಗಳು ಥೈರಾಯಿಡ್ ಗ್ರಂಥಿಯ ಹಿಂಬದಿಗೆ ಒತ್ತಿಕೊಂಡು ಸಾಗುವುದರಿಂದ, ಆ ಗ್ರಂಥಿಯ ಶಸ್ತ್ರಚಿಕಿತ್ಸೆಯಲ್ಲಿ ಅವಕ್ಕೆ ಪೆಟ್ಟಾಗುವುದುಂಟು. ಒಂದು ಬದಿಯದು ಕೆಟ್ಟರೆ ದನಿ ಒಡೆಯುತ್ತದೆ. ಎರಡೂ ಕೆಟ್ಟರೆ ವಿಚಿತ್ರವೇ ಸರಿ: ತಂತುಗಳು ನಡುವಿಗೆ ಬಂದು ನಿಂತು, ಮಾತು ಹೆಚ್ಚುಕಡಮೆ ಮೊದಲಿನಂತಿರಬಹುದು, ಉಸಿರಿಗೆ ಮಾತ್ರ ಎಡೆ ಸಾಲದು. ನಾಲ್ಕು ಮೆಟ್ಟಿಲೇರಿದರೆ ಸಿಳ್ಳಿನಂತಹ ಏದುಸಿರು. ಮನೆಯವರು ಮಾತನ್ನು ಕೇಳಿ, “ಚೆನ್ನಾಗಿಯೇ ಇದ್ದಾರಲ್ಲ!” ಎನ್ನುತ್ತಾರೆ. ಒಂದು ತಂತುವಿನ ಹಿಂಭಾಗವನ್ನು ಕೊಯ್ದು ದಾರಿಯನ್ನು ಅಗಲಿಸಬಹುದು. ಅಗಲಿಸಿದಷ್ಟೂ ದನಿ ಸೊರಗುತ್ತದೆ.

ಹಠಾತ್ತಾಗಿ ದಾರಿ ಮುಚ್ಚಿ ಮುಖ ನೀಲಿಗಟ್ಟಿದವನ ಮುಂದೆ ಈ ವಿಚಾರಕ್ಕೆ ಅವಕಾಶವಿಲ್ಲ. ಶ್ವಾಸನಾಳಕ್ಕೆ ರಂಧ್ರ ಮಾಡಿ ಕೊಳವೆಯಿಡುವುದೇ ಆಗ ಧರ್ಮ. ನನ್ನ ವಾದವಿರುವುದು ಸಾವಕಾಶವಿದ್ದಾಗಲೂ ಕೇಳದವರೊಡನೆ. ‘ಉಸಿರೇ ಮೊದಲಲ್ಲವೆ?’ ಎನ್ನುವರು. ಮೊದಲೇ ಸರಿ. ಆದರೆ ಎಷ್ಟು ಉಸಿರು ಸಾಕೆಂದು ಅಳೆಯುವ ಕೋಲು ವೈದ್ಯನೊಬ್ಬನ ಕೈಯಲ್ಲಿಲ್ಲ. ಮೂಟೆ ಹೊರುವವನು ದನಿಯನ್ನು ಬಿಟ್ಟಾನು. ಪಾಠ ಹೇಳುವಾಕೆ ಕೊರಳಿನ ಕೊಳವೆಯನ್ನೇ ಇಟ್ಟುಕೊಂಡು, ಅದರ ಬಾಯನ್ನು ಬೆರಳಿನಿಂದ ಮುಚ್ಚಿ ಮಾತನಾಡುತ್ತೇನೆಂದಾಳು. ಇಬ್ಬರೂ ಅವಿವೇಕಿಗಳಲ್ಲ.

ಅರ್ಬುದದ ದೆಸೆಯಿಂದ ಪೆಟ್ಟಿಗೆಯನ್ನೇ ತೆಗೆಯಬೇಕಾದ ಪ್ರಸಂಗ ಇನ್ನೂ ಕಠಿನ. 1873ರಲ್ಲಿ ವಿಯೆನ್ನಾದ ಬಿಲ್ರೋತನು ಮಾಡಿದ ಚಿಕಿತ್ಸೆಯಿದು. ಬಳಿಕ ಶ್ವಾಸನಾಳ ಅನ್ನನಾಳಗಳ ನಡುವೆ ಒಂದು ಸಣ್ಣ ಕವಾಟವನ್ನಿಟ್ಟರೆ ಎದೆಯ ಗಾಳಿ ಗಂಟಲಿಗೇರಿ ಮತ್ತೆ ಮಾತಾಗುತ್ತದೆ. ಆದರೆ ಹೊರದೇಶದ ಕವಾಟಕ್ಕೆ ಸಾವಿರಗಟ್ಟಲೆ ರೂಪಾಯಿ. ಅದೂ ಸವೆದಾಗಲೆಲ್ಲ ಬದಲಿಸಬೇಕು. ಬಡವನಿಗೆ ‘ದನಿಯೋ ಜೀವವೋ’ ಎಂದು ಕೇಳುವುದು ಹಾಗಾದರೆ ಪ್ರಶ್ನೆಯೇ ಅಲ್ಲ. ಬೆಂಗಳೂರಿನ ಶಸ್ತ್ರವೈದ್ಯರಾದ ಡಾ. ವಿಶಾಲ್ ರಾವ್ ಅವರು ಉದ್ಯಮಿ ಮಿತ್ರರೊಬ್ಬರೊಡನೆ ರೂಪಿಸಿದ ‘ಓಂ’ ಎಂಬ ಕವಾಟವು 2015ರ ಸುಮಾರಿಗೆ ಸುಮಾರು 50 ರೂಪಾಯಿಯ ಬೆಲೆಯೊಡನೆ ಪ್ರಸಿದ್ಧಿಗೆ ಬಂದಾಗ, ಅದನ್ನು ಬರಿಯ ಅಗ್ಗದ ಸಾಮಾನೆಂದು ನಾನು ಎಣಿಸಲಿಲ್ಲ. ಕೇಳುವ ಮಾತಿಗೆ ಅರ್ಥ ಬಂತೆಂದು ಎಣಿಸಿದೆ.

ಆದರೂ ಕೇಳುವುದು ಯಾರನ್ನು? ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿಸಲು ಮಗನನ್ನೋ ಅಳಿಯನನ್ನೋ ಪಡಸಾಲೆಗೆ ಕರೆಯುವುದು ನಮ್ಮಲ್ಲಿ ಅಪರೂಪವಲ್ಲ. ಒಳಗೆ ಮಂಚದ ಮೇಲಿರುವವನು ಈ ರಾತ್ರಿ ಇನ್ನೂ ಮಾತನಾಡಬಲ್ಲ.