‘ಸುಮ್ಮನೆ ಮನೆಯಲ್ಲಿದ್ದಾಳೆ’

ಮಕ್ಕಳಾಗದ ಹೆಣ್ಣನ್ನು ಕರೆಯಲು ನಮ್ಮಲ್ಲಿ ‘ಬಂಜೆ’ ಎಂಬ ಪದವಿದೆ. ಮಕ್ಕಳಾಗದ ಗಂಡನ್ನು ಹಾಗೆ ಕರೆಯುವ ಪದ ದಿನಬಳಕೆಯಲ್ಲಿ ಕೇಳಿಬರುವುದಿಲ್ಲ. ಗಂಡ ಸತ್ತವಳನ್ನು ಸೂಚಿಸುವ ‘ಮುಂಡೆ’ ಬೈಗುಳವಾಯಿತು. ಹೆಂಡತಿ ಸತ್ತವನನ್ನು ಸೂಚಿಸುವ ‘ವಿಧುರ’ ಯಾರ ಬಾಯಲ್ಲೂ ಬೈಗುಳವಾಗಲಿಲ್ಲ. ಇಬ್ಬರ ದುಃಖವೂ ಒಂದೇ. ಹಾಗಿದ್ದರೂ ಕಳಂಕ ಒಬ್ಬರ ಪಾಲಿಗೆ ಮಾತ್ರ ಬಂದದ್ದೇಕೆ?

ಬೈಗುಳವನ್ನಾದರೂ ನಾವು ಗುರುತಿಸಿ ದೂರವಿಡಬಹುದು. ಸಭ್ಯ ಮಾತಿನೊಳಗೆ ಅಡಗಿರುವ ತಾತ್ಸಾರ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ‘ನಿಮ್ಮ ಮನೆಯವರು ಏನು ಕೆಲಸ ಮಾಡುತ್ತಾರೆ?’ ಎಂದು ಯಾರಾದರೂ ಕೇಳಿದರೆ ಗಂಡಂದಿರು ಕೊಡುವ ಉತ್ತರ ಸಾಮಾನ್ಯವಾಗಿ ಒಂದೇ: ‘ಏನಿಲ್ಲ, ಸುಮ್ಮನೆ ಮನೆಯಲ್ಲಿದ್ದಾಳೆ.’ ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ. ಪುರುಷರು ವ್ಯಯಿಸುವುದು 88 ನಿಮಿಷ. ಹೆಚ್ಚುಕಡಿಮೆ ಐದು ತಾಸಿನ ದುಡಿಮೆಗೆ ನಮ್ಮ ಮಾತಿನಲ್ಲಿ ‘ಸುಮ್ಮನೆ’ ಎಂದು ಹೆಸರು!

ಇದು ಬರೀ ಮಾತಿನ ವಿಷಯ ಎಂದು ತಳ್ಳಿಹಾಕುವಂತಿಲ್ಲ. ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ಸೇರಿಸಲಾದ ಪರಿಹಾರದ ಪಟ್ಟಿಯು ಗೃಹಿಣಿಯರನ್ನು ‘ಗಳಿಕೆಯಿಲ್ಲದ ಸಂಗಾತಿ’ಯ ಗುಂಪಿಗೆ ಸೇರಿಸಿತ್ತು. ಅಪಘಾತದಲ್ಲಿ ಆಕೆ ಸತ್ತರೆ ಆಕೆಯ ಆದಾಯವನ್ನು ಗಂಡನ ಆದಾಯದ ಮೂರನೇ ಒಂದು ಭಾಗವೆಂದು ಲೆಕ್ಕ ಹಾಕಲಾಗುತ್ತಿತ್ತು. 2001ರ ಜನಗಣತಿಯಂತೂ ಗೃಹಿಣಿಯರನ್ನು ಭಿಕ್ಷುಕರು ಮತ್ತು ಕೈದಿಗಳ ಜೊತೆ ‘ಕೆಲಸ ಮಾಡದವರ’ ಸಾಲಿನಲ್ಲಿ ನಿಲ್ಲಿಸಿತು. 2010ರಲ್ಲಿ ಅಪಘಾತ ಪರಿಹಾರದ ಪ್ರಕರಣವೊಂದರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟುವಾಗಿ ಟೀಕಿಸಿತು. ಮನೆಯಲ್ಲಿ ಆಡಿದ ಮಾತು ಸರಕಾರದ ಕಡತದವರೆಗೂ ಹೋಗಿ ಹೆಣ್ಣಿನ ಜೀವದ ಬೆಲೆಯನ್ನು ಕಡಿಮೆ ಮಾಡಿತ್ತು.

‘ಮಾನಭಂಗ’ ಎಂಬ ಪದವನ್ನೂ ಗಮನಿಸೋಣ. ಅಪರಾಧ ಎಸಗಿದವನು ಬೇರೆ. ಆದರೆ ಮಾನ ಹೋಯಿತೆಂದು ನಾವು ಹೇಳುವುದು ಹಿಂಸೆಗೊಳಗಾದವಳದು. ಕಳ್ಳತನವಾದಾಗ ವಸ್ತು ಕಳೆದುಕೊಂಡವನ ಮಾನ ಹೋಯಿತೆಂದು ಯಾರೂ ಹೇಳುವುದಿಲ್ಲ. ಇಂಥ ಒಂದು ಪದಕ್ಕೆ ಹೆದರಿ ಎಷ್ಟು ಹೆಣ್ಣುಮಕ್ಕಳು ದೂರು ಕೊಡದೆ ಸುಮ್ಮನಾಗಿರಬಹುದು?

ಪದ ಬದಲಾದರೆ ಮನಸ್ಸು ಬದಲಾದೀತೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಹೆಂಡತಿಯನ್ನು ‘ಗೃಹಿಣಿ’ ಎಂದು ಗೌರವದಿಂದ ಕರೆದು, ಉಂಡ ತಟ್ಟೆಯನ್ನು ಅಲ್ಲಿಯೇ ಬಿಟ್ಟು ಏಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಆದರೂ ಪದದ ಕಡೆಗೆ ಗಮನ ಹರಿಸದೆ ಅನ್ಯಾಯ ಕಣ್ಣಿಗೆ ಬೀಳುವುದು ಕಷ್ಟ. ಸುಪ್ರೀಂ ಕೋರ್ಟ್ 2023ರಲ್ಲಿ ನ್ಯಾಯಾಧೀಶರಿಗಾಗಿ ಒಂದು ಕೈಪಿಡಿಯನ್ನೇ ಹೊರತಂದು, ಹೆಣ್ಣನ್ನು ಕೀಳಾಗಿ ಕಾಣುವ ಪದಗಳಿಗೆ ಬದಲಿ ಪದಗಳನ್ನು ಸೂಚಿಸಿತು.

ನಮ್ಮ ಮನೆಗಳಿಗೆ ಅಂಥ ಕೈಪಿಡಿಯ ಅಗತ್ಯವಿಲ್ಲ. ಮಕ್ಕಳು ಭಾಷೆ ಕಲಿಯುವುದು ನಮ್ಮ ಬಾಯಿಂದ. ‘ಅಮ್ಮ ಏನು ಕೆಲಸ ಮಾಡುತ್ತಾರೆ?’ ಎಂದು ಶಾಲೆಯಲ್ಲಿ ಕೇಳಿದಾಗ ನಮ್ಮ ಮಗು ಏನೆಂದು ಉತ್ತರಿಸುತ್ತದೆ ಎಂಬುದನ್ನು ಒಮ್ಮೆ ಕೇಳಿ ತಿಳಿದುಕೊಳ್ಳೋಣ.