ಕೂಲಿ ಕೊಟ್ಟ ಮೇಲೂ ಉಳಿಯುವ ಲೆಕ್ಕ

ಕೂಲಿಕಾರನ ಬೆವರು ಆರುವ ಮೊದಲೇ ಅವನ ಕೂಲಿ ಕೊಟ್ಟುಬಿಡಬೇಕೆಂದು ಪ್ರವಾದಿ ಮುಹಮ್ಮದ್ (ಸ) ಕಲಿಸಿದ್ದಾರೆ. ಆದರೆ ಕೂಲಿ ಕೊಟ್ಟ ಮಾತ್ರಕ್ಕೆ ಲೆಕ್ಕ ಚುಕ್ತಾ ಆಯಿತೇ? ಕಾರ್ಖಾನೆ ಮುಚ್ಚಿ, ದುಡಿದವರು ಮನೆಗೆ ಹೋದ ಮೇಲೆ ಆ ನೆಲ ಅವರಿಗೆ ಇನ್ನೇನಾದರೂ ಬಾಕಿ ಉಳಿಸಿಕೊಂಡಿರುತ್ತದೆಯೇ?

ಈ ಪ್ರಶ್ನೆಯನ್ನು ಕಣ್ಣಿಗೆ ಕಾಣುವಂತೆ ಮುಂದಿಡುವ ಒಂದು ಉದ್ಯಾನವನ ಜರ್ಮನಿಯಲ್ಲಿದೆ. ರೂರ್ ಪ್ರದೇಶದ ಡ್ಯೂಸ್‌ಬರ್ಗ್ ನಗರದಲ್ಲಿ ಥೈಸೆನ್ ಉದ್ಯಮಿಗಳು 1901ರಲ್ಲಿ ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆ 1985ರಲ್ಲಿ ಮುಚ್ಚಿತು. ಅದನ್ನು ಕೆಡವಿಹಾಕುವ ಮಾತು ಬಂದಾಗ ಊರಿನವರು ಒಪ್ಪಲಿಲ್ಲ. ವಿನ್ಯಾಸಕಾರ ಪೀಟರ್ ಲಾಟ್ಸ್ ಕುಲುಮೆಗಳನ್ನು ಹಾಗೆಯೇ ಉಳಿಸಿ ಉದ್ಯಾನ ರೂಪಿಸಿದರು. ಸುಮಾರು 180 ಹೆಕ್ಟೇರಿನ ಈ ಉದ್ಯಾನ 1994ರಲ್ಲಿ ಜನರಿಗೆ ತೆರೆಯಿತು. ಈಗ ಅಲ್ಲಿಗೆ ಹೋದವರು ತುಕ್ಕು ಹಿಡಿದ ಕುಲುಮೆಯ ಮೆಟ್ಟಿಲೇರಿ ಊರನ್ನು ನೋಡುತ್ತಾರೆ. ಅನಿಲ ತುಂಬಿದ್ದ ದೊಡ್ಡ ತೊಟ್ಟಿಯಲ್ಲಿ ಈಗ ನೀರಿದೆ, ಮುಳುಗು ಈಜುಗಾರರು ಅಲ್ಲಿ ಅಭ್ಯಾಸ ಮಾಡುತ್ತಾರೆ. ಅದಿರಿನ ಗೋಡೆಗಳ ನಡುವೆ ಹೂದೋಟಗಳಿವೆ.

ತಾತನೊಬ್ಬ ಮೊಮ್ಮಗನ ಕೈಹಿಡಿದು ಬಂದು, ತಾನು ಇಲ್ಲಿ ಏನು ಕೆಲಸ ಮಾಡುತ್ತಿದ್ದೆ ಎಂದು ತೋರಿಸುವಂತಿರಬೇಕು ಎಂಬುದು ಲಾಟ್ಸ್ ಅವರ ಆಸೆಯಾಗಿತ್ತು. ಎಲ್ಲವನ್ನೂ ಕೆಡವಿ ಹುಲ್ಲುಹಾಸು ಹಾಸಿದ್ದರೆ ತಾತನ ಬಳಿ ಬರೀ ಮಾತು ಉಳಿಯುತ್ತಿತ್ತು, ಸಾಕ್ಷಿ ಉಳಿಯುತ್ತಿರಲಿಲ್ಲ.

ಹಾಗೆಂದು ಆಕ್ಷೇಪವೇ ಇಲ್ಲವೆಂದಲ್ಲ. ರಾತ್ರಿ ಆ ಕುಲುಮೆಗಳಿಗೆ ಬಣ್ಣಬಣ್ಣದ ದೀಪ ಹಾಕುತ್ತಾರೆ. ಬೆಂಕಿಯ ಮುಂದೆ ಮೈ ಸುಟ್ಟುಕೊಂಡವನ ದುಡಿಮೆ ಹೀಗೆ ಜಾತ್ರೆಯ ನೋಟವಾಗಬಹುದೇ? ಸಂಶಯ ನ್ಯಾಯವಾದದ್ದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೂರ್ ಪ್ರದೇಶದ ಉಕ್ಕಿನ ಕಾರ್ಖಾನೆಗಳಲ್ಲಿ ಪರದೇಶಗಳಿಂದ ಹಿಡಿದು ತಂದವರನ್ನೂ ಯುದ್ಧಕೈದಿಗಳನ್ನೂ ಬಲವಂತವಾಗಿ ದುಡಿಸಲಾಗಿತ್ತು. ಅಂಥವರಿಗೆ ಪರಿಹಾರ ಕೊಡಲು ಜರ್ಮನ್ ಸರಕಾರವೂ ಉದ್ಯಮಗಳೂ ಸೇರಿ ನಿಧಿಯೊಂದನ್ನು ಸ್ಥಾಪಿಸಿದ್ದು 2000ದಲ್ಲಿ. 2007ರ ಹೊತ್ತಿಗೆ 16 ಲಕ್ಷಕ್ಕೂ ಹೆಚ್ಚು ಜನರಿಗೆ ಹಣ ಸಂದಿತು. ಬೆವರು ಆರಿ ಅರ್ಧ ಶತಮಾನ ಕಳೆದಿತ್ತು. ಅಷ್ಟರಲ್ಲಿ ಎಷ್ಟೋ ಮಂದಿ ಮಣ್ಣಾಗಿದ್ದರು. ಅವರ ಕೈಗೆ ಇನ್ನು ಯಾವ ಹಣವೂ ಸೇರದು. ಅವರಿಗೆ ಕೊಡಲು ಉಳಿದಿರುವುದು ನೆನಪೊಂದೇ.

ಕೂಲಿ ಪಡೆದವರದ್ದೂ ಒಂದು ಕತೆಯಿದೆ. 1961ರ ಒಪ್ಪಂದದ ಮೇಲೆ ತುರ್ಕಿಯಿಂದ ಕಾರ್ಮಿಕರು ಜರ್ಮನಿಗೆ ಬಂದರು. ಅವರನ್ನು ‘ಅತಿಥಿ ಕಾರ್ಮಿಕರು’ ಎಂದು ಕರೆದರು. ಅತಿಥಿ ಎಂದರೆ ಒಂದು ದಿನ ಹೊರಡಬೇಕಾದವನು ಎಂಬ ಅರ್ಥವೂ ಆ ಹೆಸರಿನಲ್ಲೇ ಇತ್ತು. ಅನೇಕರು ಹೊರಡಲಿಲ್ಲ. ಮಕ್ಕಳು ಅಲ್ಲಿಯೇ ಹುಟ್ಟಿ ಬೆಳೆದರು. ಡ್ಯೂಸ್‌ಬರ್ಗಿನ ಮಾರ್ಕ್ಸ್‌ಲೋ ಬಡಾವಣೆಯಲ್ಲಿ 2008ರಲ್ಲಿ ದೊಡ್ಡ ಮಸೀದಿಯೊಂದು ತೆರೆಯಿತು. ಊರು ಕಟ್ಟಿದವನು ಆ ಊರಿನವನು ಹೌದೋ ಅಲ್ಲವೋ ಎಂಬ ಪ್ರಶ್ನೆ ನಮ್ಮ ಓದುಗರಿಗೆ ಹೊಸದೇನಲ್ಲ. ಇಂಥಲ್ಲಿ ದುಡಿಮೆಯ ಗುರುತು ಅಳಿಸುವುದೆಂದರೆ, ದುಡಿದವನ ಹಕ್ಕಿನ ಕಾಗದ ಹರಿದಂತೆಯೇ.

ಆ ಉದ್ಯಾನದ ಇನ್ನೊಂದು ಪ್ರಾಮಾಣಿಕತೆ ನನಗೆ ಮುಖ್ಯವೆನಿಸುತ್ತದೆ. ಅಲ್ಲಿನ ಮಣ್ಣಿನಲ್ಲಿ ವಿಷವಿತ್ತು. ಎಲ್ಲವನ್ನೂ ಅಗೆದು ಇನ್ಯಾರದೋ ಊರಿಗೆ ಸಾಗಿಸಲಿಲ್ಲ. ತೀರಾ ಕೆಟ್ಟದ್ದನ್ನು ಅಲ್ಲಿಯೇ ಹಳೆಯ ಕಟ್ಟಡದ ಗುಂಡಿಗಳಲ್ಲಿ ಮುಚ್ಚಿಟ್ಟರು. ಬಹುಪಾಲು ನೆಲವನ್ನು ಅದರಷ್ಟಕ್ಕೆ ಬಿಟ್ಟರು. ಅದರ ಮೇಲೆ ಗಿಡಮರ ತಾವಾಗಿ ಹಬ್ಬಿದವು. ಭೂಮಿ ನಮ್ಮ ಕೈಯಲ್ಲಿರುವ ಅಮಾನತ್ತು. ಕೆಡಿಸಿದ್ದನ್ನು ಬಚ್ಚಿಟ್ಟು ಹಿಂದಿರುಗಿಸುವವನು ಅಮಾನತ್ತನ್ನು ಪಾಲಿಸಿದವನಲ್ಲ.

ಉದ್ಯಾನ ಮಾಡಿದ ಮಾತ್ರಕ್ಕೆ ಋಣ ತೀರದು. ದೀಪಗಳ ಸೊಬಗು ಬೆವರನ್ನು ಮರೆಸಿದರೆ ಅದು ಎರಡನೆಯ ಅನ್ಯಾಯವೇ ಸರಿ. ಆದರೆ ಮಕ್ಕಳು ಆಡುವ ಜಾಗದಲ್ಲಿಯೇ ಯಾರು ದುಡಿದರು, ಯಾರನ್ನು ದುಡಿಸಿದರು, ನೆಲಕ್ಕೆ ಏನಾಯಿತು ಎಂಬ ಲೆಕ್ಕದ ಪುಸ್ತಕ ತೆರೆದೇ ಇದ್ದರೆ, ಆ ನೆರಳಿನಲ್ಲಿ ಕೂರುವುದು ತಪ್ಪಲ್ಲ. ಓದಲು ಬಲ್ಲವರು ಓದಿಯೇ ಕೂರಬೇಕು.