ಕಾವಲಿನ ಹದ

ಬೆಳಗ್ಗೆ ಬಿ.ಸಿ.ರೋಡಿನಲ್ಲಿ ಮಂಗಳೂರಿನ ಬಸ್ಸಿಗೆ ಕಾಯುವವರ ನಡುವೆ ಕಿಡ್ನಿ ಕಸಿ ಮಾಡಿಸಿಕೊಂಡವರಿದ್ದರೆ ಗುರುತು ಹತ್ತುವುದಿಲ್ಲ. ರಕ್ತಪರೀಕ್ಷೆಯ ದಿನವಾದರೆ ಅವರ ಬೆಳಗಿನ ಟ್ಯಾಕ್ರೋಲಿಮಸ್ ಮಾತ್ರೆ ಇನ್ನೂ ಚೀಲದಲ್ಲೇ ಇರುತ್ತದೆ. ರಾತ್ರಿ ನುಂಗಿದ್ದು 12 ಗಂಟೆಯ ನಂತರ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ನೋಡಬೇಕು. ಹಾಗಾಗಿ ರಕ್ತ ಕೊಟ್ಟ ಮೇಲೆಯೇ ಮಾತ್ರೆ.

"ಆಪರೇಷನ್ ಆಯ್ತಲ್ಲ ಅಕ್ಕ, ಇನ್ನೇನು ಹೆದರಿಕೆ ಉಂಟು?" ಎಂದು ನಾವು ಪ್ರೀತಿಯಿಂದಲೇ ಕೇಳುತ್ತೇವೆ. ಆದರೆ ಅವರ ಎಚ್ಚರದ ಬದುಕು ಶುರುವಾಗುವುದೇ ಅಲ್ಲಿಂದ.

ಪರರ ಅಂಗವನ್ನು ದೇಹ ಸುಲಭದಲ್ಲಿ ಒಪ್ಪುವುದಿಲ್ಲ. 1954ರಲ್ಲಿ ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆ ಮಾಡಿದ ಕಸಿ ಗೆದ್ದದ್ದು, ಕೊಟ್ಟವರೂ ಪಡೆದವರೂ ತದ್ರೂಪಿ ಅವಳಿಗಳಾಗಿದ್ದುದರಿಂದ. ಹೆತ್ತ ತಾಯಿಯೇ ಕೊಟ್ಟರೂ ಉಳಿದವರಿಗೆ ಆ ಅನುಕೂಲವಿಲ್ಲ. ಕಸಿ ಮಾಡಿದ ಕಿಡ್ನಿ ಕೆಲಸ ಮಾಡುವಷ್ಟು ಕಾಲವೂ ದೇಹದ ಕಾವಲನ್ನು, ಅಂದರೆ ರೋಗನಿರೋಧಕ ಶಕ್ತಿಯನ್ನು, ಟ್ಯಾಕ್ರೋಲಿಮಸ್‌ನಂಥ ಔಷಧಿಯಿಂದ ತಗ್ಗಿಸಿ ಇಡಬೇಕು.

ಕಾವಲು ತಗ್ಗಿದಾಗ ತಲೆ ಎತ್ತುವವುಗಳಲ್ಲಿ ಬಿಕೆ ವೈರಸ್ ಒಂದು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಭಾರತದ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದ 1971ರಲ್ಲೇ ಸಿಲ್ವಿಯಾ ಗಾರ್ಡ್ನರ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಇದರ ಸುದ್ದಿ ಪ್ರಕಟಿಸಿದರು. ಅದು ಸಿಕ್ಕಿದ್ದು ಕಸಿಯಾದ ರೋಗಿಯೊಬ್ಬರ ಮೂತ್ರದಲ್ಲಿ. ನಮ್ಮಲ್ಲಿ ಹೆಚ್ಚಿನವರಿಗೆ ಇದು ಚಿಕ್ಕಂದಿನಲ್ಲೇ ತಗಲಿರುತ್ತದೆ. ತೊಂದರೆಯಿಲ್ಲದೆ ಕಿಡ್ನಿಯಲ್ಲಿ ಅಡಗಿರುತ್ತದೆ. ದಾನವಾಗಿ ಬಂದ ಕಿಡ್ನಿಯ ಸಂಗಡವೂ ಬರಬಹುದು. ಕೊಟ್ಟವರ ತಪ್ಪು ಅದರಲ್ಲಿ ಎಳ್ಳಷ್ಟೂ ಇಲ್ಲ.

ಎದ್ದ ಮೇಲೂ ಅದು ಸದ್ದು ಮಾಡುವುದಿಲ್ಲ. ಸಾಮಾನ್ಯವಾಗಿ ಜ್ವರವಿಲ್ಲ, ನೋವಿಲ್ಲ, ಕಿಡ್ನಿಯ ಕೆಲಸ ಕುಗ್ಗಿದ್ದನ್ನು ರಕ್ತದಲ್ಲಿ ತೋರಿಸುವ ಕ್ರಿಯಾಟಿನಿನ್ ಮಾತ್ರ ಮೆಲ್ಲನೆ ಏರುತ್ತದೆ. ದೇಹವು ಹೊಸ ಕಿಡ್ನಿಯನ್ನು ತಿರಸ್ಕರಿಸುವಾಗಲೂ ಏರುವುದು ಅದೇ. ತಿರಸ್ಕಾರವಾದರೆ ಕಾವಲು ತಗ್ಗಿಸುವ ಔಷಧಿಯನ್ನು ಹೆಚ್ಚಿಸಬೇಕು. ವೈರಸ್ಸಾದರೆ ಅದೇ ಔಷಧಿಯನ್ನು ಇಳಿಸಬೇಕು. ಲಕ್ಷಣ ಒಂದೇ, ಮದ್ದು ತದ್ವಿರುದ್ಧ. ಅದಕ್ಕೇ ರಕ್ತದಲ್ಲಿ ವೈರಸ್ ಹುಡುಕುವ ಪಿಸಿಆರ್ ಪರೀಕ್ಷೆ, ಅಗತ್ಯವಿದ್ದರೆ ಬಯಾಪ್ಸಿ. ಕಾವಲು ತಗ್ಗಿದಾಗ ಕಾಡುವ ಇನ್ನೊಂದು, ಸೈಟೊಮೆಗಾಲೊ ವೈರಸ್ಸಿಗಾದರೆ ವಾಲ್‌ಗ್ಯಾನ್‌ಸಿಕ್ಲೋವಿರ್ ಎಂಬ ಮದ್ದು ಉಂಟು. ಬಿಕೆ ವೈರಸ್ಸಿಗೆ ಅಂಥ ನೆಚ್ಚಬಹುದಾದ ಮದ್ದಿಲ್ಲ. ಔಷಧಿಯನ್ನು ಅಳೆದು ಇಳಿಸಿ, ದೇಹವೇ ಅದನ್ನು ಹತೋಟಿಗೆ ತರಲಿ ಎಂದು ಕಾಯಬೇಕು. ಇಳಿಸುವುದು ಅತಿಯಾದರೆ ಕಿಡ್ನಿಯೇ ತಿರಸ್ಕೃತವಾದೀತು.

ಇದನ್ನು ಯೋಚಿಸುವಾಗ ನನ್ನ ಮನಸ್ಸು ಔಷಧದಾಚೆಗೂ ಹೋಗುತ್ತದೆ. ಬದುಕಿನಲ್ಲಿ ಬಿಗಿಯಾಗಿ ಕಾಯುವುದೇ ರಕ್ಷಣೆ ಎಂದು ನಾವು ನಂಬಿದ್ದೇವೆ. ಒಂದು ಜೀವ ಇನ್ನೊಂದರ ಅಂಗವನ್ನು ತನ್ನೊಳಗೆ ಇರಿಸಿಕೊಳ್ಳಬೇಕಾದರೆ ತುಸು ಸಡಿಲಬೇಕು. ಸಡಿಲಿದ ಮೇಲೆ ಪ್ರತಿದಿನ ಗಮನಿಸುತ್ತಲೂ ಇರಬೇಕು. ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದು ಒಮ್ಮೆ ನಿಶ್ಚಯಿಸಿ ಮರೆತುಬಿಡುವ ಲೆಕ್ಕವಲ್ಲ. ಸಂಬಂಧಗಳನ್ನು ಉಳಿಸಿಕೊಳ್ಳುವವರೂ ಈ ಹದವನ್ನು ದಿನದಿನವೂ ಹುಡುಕುತ್ತಾರೆ.

ಕಸಿಯಾದವರು ಆರಾಮಾಗಿ ಕಾಣುತ್ತಿದ್ದರೂ ಪರೀಕ್ಷೆ ತಪ್ಪಿಸುವಂತಿಲ್ಲ, ವೈದ್ಯರನ್ನು ಕೇಳದೆ ಮಾತ್ರೆ ಬಿಡುವಂತಿಲ್ಲ, ಹೆಚ್ಚಿಸುವಂತೆಯೂ ಇಲ್ಲ. ಆ ಶಿಸ್ತು ಕೇವಲ ಅವರ ತಲೆಯ ಮೇಲಿರಬಾರದು. ಬಸ್ಸಿನ ಖರ್ಚು, ಪರೀಕ್ಷೆಯ ದುಡ್ಡು, ಆ ದಿನದ ಕೂಲಿ ಇವುಗಳಲ್ಲಿ ಒಂದಿಷ್ಟನ್ನು ಮನೆಯವರು, ನೆರೆಹೊರೆಯವರು ಹೊತ್ತುಕೊಳ್ಳಬೇಕು. ಕಿಡ್ನಿಯನ್ನು ಒಬ್ಬರು ಕೊಟ್ಟಿರಬಹುದು, ಅದನ್ನು ಉಳಿಸುವ ಕೆಲಸದಲ್ಲಿ ಉಳಿದವರಿಗೂ ಪಾಲಿದೆ.